ಶಿಕಾರಿ ರೈಫಲ್: .22 ಇದೆ, .30-06 ಇದೆ, ಇನ್ನೆರಡು ಯಾವ ಕ್ಯಾಲಿಬರ್ (ಗುಂಡಿನ ಅಳತೆ) ತಗೊಳ್ಳಲಿ?

ಬಿಸಿಲೆಘಾಟಿ, ಫೋರ್ಟ್ ಕಾಲಿನ್ಸ್, ಕೊಲರಾಡೊ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಪುರುಸೊತ್ತು ಮಾಡ್ಕೊಂಡು ಓದಿ ಹೇಳಿ. ನಾನು ಸಕಲೇಶಪುರದ ಕಡೆಯವನು, ಇಲ್ಲಿಗೆ ಬಂದು ಬಹಳ ವರ್ಷ ಆಯ್ತು, ಈಗ ಸಿಟಿಜನ್. ಊರಲ್ಲಿ ಅಪ್ಪನ ಹತ್ರ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇರೋ ಒಂಟಿನಳಿಗೆ ಕೋವಿ ಒಂದಿತ್ತು, ಎಲೆಕ್ಷನ್ ಬಂದಾಗೆಲ್ಲ ಸ್ಟೇಷನ್ನಿಗೆ ಕೊಟ್ಟು ಬರೋದು, ಮುಗಿದ್ಮೇಲೆ ಹೋಗಿ ತರೋದು, ಕೋವಿ ಅಂದ್ರೆ ನನಗೆ ಅಷ್ಟೇ ಗೊತ್ತಿದ್ದಿದ್ದು. ಇಲ್ಲಿ ಪಕ್ಕದ ಮನೆ ಅಜ್ಜ ಒಬ್ರು, ಮೊದಲು ದನದ ರ‍್ಯಾಂಚ್ ನೋಡ್ಕೊಂಡಿದ್ದವರು, ಒಂದು ಸಲ ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಸೀಸನ್ನಿಗೆ ನನ್ನನ್ನ ಕರ್ಕೊಂಡು ಹೋದ್ರು, ಅಲ್ಲಿಂದ ಈ ಶಿಕಾರಿ ಬಿಡಕ್ಕೇ ಆಗಿಲ್ಲ. ಒಂದು ಎಲ್ಕ್ ಸಿಕ್ಕಿದ ವರ್ಷ ನಮ್ಮನೇಲಿ ಅಂಗಡಿಯಿಂದ ಮಟನ್ ತರೋದೇ ಅಪರೂಪ.

ಈಗ ನನ್ನ ಹತ್ರ ಮೂರಿದಾವೆ. ಒಂದು ರೂಗರ್ 10/22, ಮೊಲಕ್ಕೆ ಮತ್ತೆ ಪ್ರಾಕ್ಟೀಸಿಗೆ. ಒಂದು 12 ಬೋರ್ ಪಂಪ್ ಶಾಟ್‌ಗನ್, ರೆಮಿಂಗ್ಟನ್ 870, ಬಾತುಕೋಳಿಗೆ. ಇನ್ನೊಂದು ಆ ಅಜ್ಜ ಇನ್ನು ಬೆಟ್ಟ ಹತ್ತಕ್ಕಾಗಲ್ಲ ಅಂತ ನನಗೆ ಕೊಟ್ಟ .30-06, ಮರದ ಸ್ಟಾಕಿನ (ಭುಜಕ್ಕೆ ಒತ್ತೋ ಹಿಡಿ) ರೆಮಿಂಗ್ಟನ್ 700, ಇಬ್ಬರೂ ಅಂಗಡಿಗೆ ಹೋಗಿ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸಿಯೇ ನನ್ನ ಕೈಗೆ ಬಂದಿದ್ದು, ಕೊಲರಾಡೊದಲ್ಲಿ 2013ರಿಂದ ಪರಿಚಯದವರ ನಡುವೆ ಮಾರಿದ್ರೂ ಹಾಗೇ ಮಾಡ್ಬೇಕು. ಅದರಲ್ಲಿ 180 ಗ್ರೇನ್ (ಗ್ರೇನ್ ಅಂದ್ರೆ ಬುಲೆಟ್ಟಿನ ತೂಕದ ಅಳತೆ) ಬುಲೆಟ್ ಹಾಕಿ ನಾಲ್ಕು ಎಲ್ಕ್ ಎರಡು ಮ್ಯೂಲ್ ಡೀರ್ ಹೊಡೆದಿದೀನಿ, ಒಂದು ಸಲವೂ ಆ ರೈಫಲ್ ಕೈ ಕೊಟ್ಟಿಲ್ಲ.

ಈಗ ವಿಷಯ ಏನಂದ್ರೆ ಮುಂದಿನ ಎರಡು ವರ್ಷದಲ್ಲಿ ಇನ್ನೆರಡು ರೈಫಲ್ ತಗೊಂಡು ಸೆಟ್ ಪೂರ್ತಿ ಮಾಡಿ ನಿಲ್ಲಿಸಿಬಿಡೋಣ ಅಂತ, ಸೇಫಲ್ಲೂ ಅಷ್ಟೇ ಜಾಗ ಇರೋದು. ಕಾಗದದ ಮೇಲೆ ನೋಡಿದ್ರೆ .22ಕ್ಕೂ .30-06ಕ್ಕೂ ಮಧ್ಯೆ ಒಂದು ದೊಡ್ಡ ಗ್ಯಾಪ್, .30-06 ಮೇಲೆ ಒಂದು ಗ್ಯಾಪ್ ಕಾಣ್ತದೆ. ಮಧ್ಯಕ್ಕೆ .243 ವಿಂಚೆಸ್ಟರ್ ಅಥವಾ 6.5 ಕ್ರೀಡ್‌ಮೂರ್ ಅಥವಾ .270, ಮೇಲಕ್ಕೆ .300 ವಿನ್ ಮ್ಯಾಗ್ ಅಥವಾ 7 ಎಂಎಂ ರೆಮ್ ಮ್ಯಾಗ್ ಅಂತ ಯೋಚನೆ. ಒಂದಲ್ಲ ಒಂದು ದಿನ ನಮೀಬಿಯಾಗೆ ಹೋಗಿ ಕುಡು, ಓರಿಕ್ಸ್ ಅನ್ನೋ ದೊಡ್ಡ ಹುಲ್ಲೆಗಳ ಶಿಕಾರಿ ಮಾಡೋ ಆಸೆನೂ ಇದೆ, ಅದಕ್ಕೆ .375 ಎಚ್ ಅಂಡ್ ಎಚ್ ಬೇಕಾಗ್ತದಾ ಅನ್ನೋದು ಇನ್ನೊಂದು ತಲೆಬಿಸಿ.

ಇನ್ನೊಂದು ಮುಖ್ಯ ವಿಷಯ. ಮಗಳಿಗೆ ಹದಿಮೂರು, ಹಂಟರ್ ಎಜುಕೇಶನ್ ಪಾಸಾಗಿದ್ದಾಳೆ, ಇಲ್ಲಿ ಹನ್ನೆರಡು ತುಂಬಿದ್ರೆ ದೊಡ್ಡವರ ಜೊತೆ ಡೀರ್ ಎಲ್ಕ್ ಎಲ್ಲಾ ಹೊಡೀಬಹುದು. ಹೋದ ತಿಂಗಳು ರೇಂಜಲ್ಲಿ .30-06 ಕೊಟ್ಟೆ, ಮೂರು ಗುಂಡು ಹೊಡೆದು ಭುಜ ಹಿಡ್ಕೊಂಡು ಸಾಕು ಅಂದ್ಲು, ಮೂರನೇದಕ್ಕೆ ಟ್ರಿಗರ್ ಎಳೆಯೋ ಮುಂಚೆನೇ ಕಣ್ಣು ಮುಚ್ಚಿದ್ದು ನಾನೇ ನೋಡ್ದೆ. ಹಾಗಾಗಿ ಅವಳಿಗೂ ಆಗೋ ಹಾಗೆ ಒಂದಿರಬೇಕು. ಅನುಭವ ಇರೋರು ದಯವಿಟ್ಟು ಹೇಳಿ.

ಕಲಘಟಗಿ ಕಾಕಾ, ಬೋಜ್‌ಮನ್, ಮೊಂಟಾನಾ

ತಮ್ಮಾ, ಛಲೋ ಕೇಳೀದಿ. ಮೊದಲಿಗೆ ಒಂದು ಮಾತು ಹೇಳಿಬಿಡ್ತೇನಿ, ನಿನಗ ಮ್ಯಾಲಿನ ಗ್ಯಾಪ್ ಅನ್ನೋದು ಇಲ್ಲ. ಕಾಗದದ ಮ್ಯಾಲ ಕಾಣ್ತೈತಿ, ಬೆಟ್ಟದಾಗ ಇಲ್ಲ.

ಲೆಕ್ಕ ನೋಡು. .30-06 ಅಂದ್ರ 1906ರ ಕಾರ್ಟ್ರಿಡ್ಜ್, 180 ಗ್ರೇನ್ ಬುಲೆಟ್ಟು ಸೆಕೆಂಡಿಗೆ ಸುಮಾರು 2,700 ಅಡಿ ಓಡತೈತಿ, ನಳಿಗಿ ಬಾಯಾಗ 2,900 ಫುಟ್ ಪೌಂಡ್ ಎನರ್ಜಿ. .300 ವಿನ್ ಮ್ಯಾಗ್ 1963ರದ್ದು, ಅದ ಬುಲೆಟ್ಟು 2,960 ಅಡಿ, 3,500 ಫುಟ್ ಪೌಂಡ್. ಕೇಳಾಕ ಭಾಳ ಅನಸ್ತೈತಿ. ಆದ್ರ ಎರಡನ್ನೂ 200 ಯಾರ್ಡಿಗೆ ಜೀರೋ ಮಾಡಿ (ಅಷ್ಟು ದೂರಕ್ಕ ಗುರಿ ಇಟ್ಟಲ್ಲೇ ಬೀಳೋ ಹಂಗ ಸ್ಕೋಪ್ ಹೊಂದಿಸಿ) 300ಕ್ಕ ಹೊಡದ್ರ ಬೀಳೋದ್ರಾಗ ಫರಕ್ ಹೆಚ್ಚು ಕಡಿಮಿ ಎರಡು ಇಂಚು. ಎಲ್ಕಿನ ಎದಿ ಜಾಗ, ಗುಂಡಿಗಿ ಪುಪ್ಪುಸ ಇರೋದು, ಒಂದಡಿಗಿಂತ ಅಗಲ ಐತಿ. ಆ ಎರಡು ಇಂಚಿಗೆ ನೀ ಕೊಡೋ ಬೆಲಿ ಭುಜದ ಮ್ಯಾಲ, ಎಂಟು ಪೌಂಡ್ ತೂಕದ .30-06 ಸುಮಾರು 20 ಫುಟ್ ಪೌಂಡ್ ಒದೀತೈತಿ, .300 ಮ್ಯಾಗ್ನಮ್ 25 ದಾಟತೈತಿ.

ನಾ ಇದನ್ನ ಓದಿ ಹೇಳಾಕತ್ತಿಲ್ಲ, ಅನುಭವಿಸಿ ಹೇಳಾಕತ್ತೇನಿ. ಇಲ್ಲಿಗೆ ಬಂದ ಹೊಸದಾಗಿ ಎಲ್ಲಾರೂ ಮ್ಯಾಗ್ನಮ್ ತಗೋ ಅಂದ್ರು ಅಂತ .300 ತಗೊಂಡೆ. ಎರಡು ಸೀಸನ್ ಹೊಡದೆ, ನನಗ ಗೊತ್ತಾಗಲಾರದಂಗ ಫ್ಲಿಂಚ್ ಬಂದುಬಿಟ್ಟಿತ್ತು, ಟ್ರಿಗರ್ ಒತ್ತೋಕಿಂತ ಮೊದಲ ಭುಜ ಮುಂದಕ್ಕ ನೂಕ್ತಿದ್ದೆ. ಮೂರನೇ ವರ್ಷ 180 ಯಾರ್ಡಿಗೆ ಅಡ್ಡ ನಿಂತಿದ್ದ ಹೆಣ್ಣ ಎಲ್ಕಿಗೆ ಹೊಡದೆ, ಹೊಟ್ಟಿಗೆ ಬಿತ್ತು. ರಾತ್ರಿ ಹನ್ನೊಂದರ ತನಕ ರಕ್ತದ ಹೆಜ್ಜಿ ಹಿಡಕೊಂಡು ಹೋದೆ, ಮರುದಿನ ಬೆಳಕು ಹರಿಯೋದ್ರಾಗ ಮತ್ತ ಹೋದೆ, ಹಿಮ ಬಿದ್ದು ಗುರ್ತು ಮುಚ್ಚಿತ್ತು, ಸಿಗಲೇ ಇಲ್ಲ. ಆ ಸೀಸನ್ ನನ್ನ ಟ್ಯಾಗ್ (ಒಂದು ಪ್ರಾಣಿ ಹೊಡಿಯೋ ಪರವಾನಗಿ) ಮುಗೀತು ಅಂತ ನಾನ ತೀರ್ಮಾನ ಮಾಡಿ ಮನಿಗೆ ಬಂದೆ. ಇವತ್ತಿಗೂ ಆ ಹುಲ್ಲುಗಾವಲಿನ ಕಡೆ ಹೋದ್ರ ಅದ ನೆನಪಾಗತೈತಿ. ಆಮ್ಯಾಲೆ ರೈಫಲ್ ಮಾರಿ .308 ತಗೊಂಡೆ, ಗೆಳೆಯಗ ಹೇಳಿ ಮ್ಯಾಗಝೀನ್‌ದಾಗ ನನಗ ಗೊತ್ತಿಲ್ಲದಂಗ ಮದ್ದಿಲ್ಲದ ಡಮ್ಮಿ ಕಾರ್ಟ್ರಿಡ್ಜ್ ಸೇರಿಸಿ ಹೊಡಿಸಿಕೊಂಡೆ, ಡಮ್ಮಿ ಬಂದಾಗ ನಳಿಗಿ ಹೆಂಗ ಕುಣೀತೈತಿ ಅನ್ನೋದು ಕಣ್ಣಾರೆ ಕಂಡಾಗಲೇ ನನಗ ನಂಬಿಕಿ ಬಂತು. ನಿನ್ನ ಮಗಳಿಗೆ ಈಗ ಆಗಾಕತ್ತಿರೋದು ಅದ, ಅದನ್ನ ಗಟ್ಟಿ ಆಗಾಕ ಬಿಡಬ್ಯಾಡ. .30-06 ಆಕಿ ಕೈಗೆ ಸದ್ಯ ಕೊಡಲೇಬ್ಯಾಡ.

.270 ವಿಷಯ. ಭಾಳ ಒಳ್ಳೆ ಕಾರ್ಟ್ರಿಡ್ಜ್, 1925ರಿಂದ ಐತಿ, 130 ಗ್ರೇನ್ 3,060 ಅಡಿ ಓಡತೈತಿ, ಬಯಲಾಗ ಪ್ರಾಂಗ್‌ಹಾರ್ನಿಗೆ (ಜಿಂಕಿ ಥರದ ಪ್ರಾಣಿ) ಅದಕ್ಕಿಂತ ಚಂದ ಏನು ಬೇಕು. ಆದ್ರ ಅದೂ .30-06 ವಂಶದ್ದ, ಅಷ್ಟ ಉದ್ದದ ಆಕ್ಷನ್ (ಗುಂಡು ತುಂಬೋ ಯಂತ್ರಭಾಗ), ಒದೆಯೋದೂ ಸ್ವಲ್ಪನ ಕಡಿಮಿ. .30-06 ಇರಲಿಲ್ಲ ಅಂದಿದ್ರ .270 ತಗೋ ಅಂತಿದ್ದೆ, ಇದ್ದಾಗ ಅದು ಅಣ್ಣ ಇದ್ದ ಮನಿಗೆ ಅವಳಿ ತಮ್ಮನ್ನ ತಂದಂಗ.

ನನ್ನ ಮಾತು: ಮಧ್ಯದ್ದೊಂದು ತಗೋ, 7 ಎಂಎಂ-08 ಇಲ್ಲಾ 6.5 ಕ್ರೀಡ್‌ಮೂರ್. ಎರಡನೇದರ ರೊಕ್ಕ ಗುಂಡಿಗೂ ಒಳ್ಳೆ ಸ್ಕೋಪಿಗೂ ಹಾಕು.

ಹೊಸಬ, ಡಲ್ಲಾಸ್

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಾನು ಎಚ್1ಬಿ ಮೇಲೆ ಇದ್ದೀನಿ, ಆಫೀಸಲ್ಲಿ ಫ್ರೆಂಡ್ಸ್ ಹಂದಿ ಶಿಕಾರಿಗೆ ಕರೀತಿದ್ದಾರೆ, ನಾನು ಕೋವಿ ಮುಟ್ಟಬಹುದಾ?

ಪಣಂಬೂರು ಪೊಲಿ, ಸ್ಯಾನ್ ಆಂಟೋನಿಯೊ, ಟೆಕ್ಸಸ್

ಹೊಸಬರೆ, ಮೊದಲು ನಿಮಗೆ ಉತ್ತರ ಯಾಕೆ ಹೇಳಿದ್ರೆ ಇದರಲ್ಲಿ ತಪ್ಪಿದ್ರೆ ವೀಸಾನೇ ಹೋಗ್ತದೆ ಮಾರಾಯ್ರೆ. ಫೆಡರಲ್ ಕಾನೂನಿನಲ್ಲಿ ಎಚ್1ಬಿಯಂಥ ನಾನ್ ಇಮಿಗ್ರಂಟ್ ವೀಸಾದವರು ಕೋವಿ, ಗುಂಡು ಇಟ್ಟುಕೊಳ್ಳುವ ಹಾಗಿಲ್ಲ, ಕೈಯಲ್ಲಿ ಹಿಡಿಯುವುದೂ ಅದರಲ್ಲೇ ಬರ್ತದೆ. ಅದಕ್ಕೆ ಕೆಲವು ವಿನಾಯಿತಿ ಉಂಟು, ಅದರಲ್ಲಿ ಒಂದು ಯಾವುದಾದರೂ ಸ್ಟೇಟಿನ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇರುವುದು. ಈಗ ಟೆಕ್ಸಸ್ಸಿನಲ್ಲಿ ಖಾಸಗಿ ಜಾಗದಲ್ಲಿ ಜಾಗದವರ ಒಪ್ಪಿಗೆ ಇದ್ರೆ ಕಾಡುಹಂದಿ ಹೊಡೆಯಲಿಕ್ಕೆ 2019ರಿಂದ ಲೈಸೆನ್ಸೇ ಬೇಡ, ಹಾಗಂತ ನಿಮ್ಮ ಫ್ರೆಂಡ್ಸ್ ನಿಮಗೂ ಬೇಡ ಅಂತಾರೆ, ಅವರಿಗೆ ಬೇಡ ಆದ್ರೆ ನಿಮಗೆ ಬೇಕೇ ಬೇಕು, ಆ ಲೈಸೆನ್ಸ್ ಇಲ್ಲದೆ ನೀವು ರೈಫಲ್ ಮುಟ್ಟಬೇಡಿ. ಒಂದು ಸಲ ಇಮಿಗ್ರೇಶನ್ ವಕೀಲರ ಹತ್ರ ಕೇಳಿಯೇ ಹೋಗಿ.

ಈಗ ಬಿಸಿಲೆಯವರಿಗೆ. ಕಾಕಾ ಹೇಳಿದ್ದು ಸರಿ, ಆದ್ರೆ ನಾನು ಇನ್ನೊಂದು ಕಡೆಯಿಂದ ನೋಡ್ತೇನೆ. ಕ್ಯಾಲಿಬರ್ ಆರಿಸುವಾಗ ಬ್ಯಾಲಿಸ್ಟಿಕ್ಸ್ ಟೇಬಲ್ ನೋಡುವ ಮೊದಲು ನಿಮ್ಮ ಊರಿನ ಅಂಗಡಿಯ ಶೆಲ್ಫ್ ನೋಡಿ. 2020, 2021ರಲ್ಲಿ ಏನಾಯ್ತು ನೆನಪುಂಟಾ, ಗುಂಡೇ ಇಲ್ಲ, ಸಿಕ್ಕಿದವರು ಸಿಕ್ಕಿದ ರೇಟಿಗೆ ತಗೊಂಡ್ರು. ನಾನು ಆಗ ಇಷ್ಟಪಟ್ಟು .280 ರೆಮಿಂಗ್ಟನ್ ಇಟ್ಕೊಂಡಿದ್ದೆ, ಬೆಣ್ಣೆ ಹಾಗೆ ಹೊಡೆಯುವ ರೈಫಲ್, ಒಂದು ಇಡೀ ಸೀಸನ್ ಹನ್ನೊಂದೇ ಗುಂಡಿನಲ್ಲಿ ಕಳೆದೆ, ಪ್ರಾಕ್ಟೀಸ್ ಅಂತೂ ಇಲ್ಲವೇ ಇಲ್ಲ. ಸಣ್ಣ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವುದು ಅಂದ್ರೆ .223, .243, .270, .308, .30-06, .30-30, ಈಗ ಈಗ 6.5 ಕ್ರೀಡ್‌ಮೂರ್ ಕೂಡ. 7 ಎಂಎಂ-08 ಒಳ್ಳೆಯದೇ ಆದ್ರೆ ನಾಲ್ಕು ಅಂಗಡಿ ಸುತ್ತಬೇಕು, ಸಿಕ್ಕಿದಾಗ ಹತ್ತು ಬಾಕ್ಸ್ ಒಟ್ಟಿಗೆ ತೆಗೆದು ಇಡುವ ಅಭ್ಯಾಸ ಇದ್ರೆ ಮಾತ್ರ ತಗೊಳ್ಳಿ. ನೆನಪಿಡಿ, ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಗುಂಡಿನ ಬಾಕ್ಸ್ ಮನೆಯಲ್ಲೇ ಮರೆತು ಬಂದದ್ದು ಗೊತ್ತಾಗುವುದು ಯಾವಾಗಲೂ ಸಣ್ಣ ಪೇಟೆಯಲ್ಲಿ.

ಇನ್ನೊಂದು ವಿಷಯ, ಯಾರೂ ಹೇಳುವುದಿಲ್ಲ ಆದ್ರೆ ನನಗೆ ಇದೇ ದೊಡ್ಡದು. ಸೇಫಿನಲ್ಲಿ ಕ್ಯಾಲಿಬರ್ ಜಾಸ್ತಿ ಆದ ಹಾಗೆ ಗುಂಡು ಅದಲು ಬದಲು ಆಗುವ ಅಪಾಯ ಜಾಸ್ತಿ. .300 ಬ್ಲ್ಯಾಕ್‌ಔಟ್ ಅಂತ ಒಂದುಂಟು, .223ರ ಕೇಸನ್ನೇ ಕಡಿದು ಮಾಡಿದ್ದು, ಒಂದೇ ಮ್ಯಾಗಝೀನಿಗೆ ಎರಡೂ ಕೂತುಕೊಳ್ತದೆ. ಅದು .223 ಚೇಂಬರಿಗೆ ಹೋಗಿ ಬೋಲ್ಟ್ ಮುಚ್ಚಿದ್ರೆ .30 ದಪ್ಪದ ಬುಲೆಟ್ಟು .22 ದಪ್ಪದ ನಳಿಗೆಯಲ್ಲಿ ಹೋಗಬೇಕು, ಹೋಗುವುದಿಲ್ಲ, ರೈಫಲ್ ಒಡೀತದೆ. ನನ್ನ ಪರಿಚಯದವರೊಬ್ಬರ ಕೈಯಲ್ಲಿ ಹೀಗೆ ಆಗಿದೆ, ಕಣ್ಣಿಗೆ ಕನ್ನಡಕ ಇದ್ದದ್ದಕ್ಕೆ ಕಣ್ಣು ಉಳೀತು, ಎಡಗೈಗೆ ಹೊಲಿಗೆ ಬಿತ್ತು. 12 ಬೋರಿಗೆ 20 ಬೋರಿನ ತೋಟೆ ಬಿದ್ದು ಒಳಗೆ ಜಾರಿ ಕೂತ್ರೂ ಅದೇ ಕಥೆ, ಹಿಂದೆ ಇನ್ನೊಂದು ತೋಟೆ ಹಾಕಿ ಹೊಡೆದ್ರೆ ನಳಿಗೆ ಸೀಳ್ತದೆ. ಮನೆಯಲ್ಲಿ ಮಗು ಕಲಿಯುವಾಗ ಕಡಿಮೆ ಬಗೆಯ ಗುಂಡು ಇದ್ದಷ್ಟು ಒಳ್ಳೆಯದು, ಒಂದೊಂದಕ್ಕೆ ಒಂದೊಂದು ಬಣ್ಣದ ಡಬ್ಬಿ ಮಾಡಿ, ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ.

ನನ್ನ ಓಟು 6.5 ಕ್ರೀಡ್‌ಮೂರಿಗೆ. 2007ರಲ್ಲಿ ಹಾರ್ನಡಿಯವರು ಟಾರ್ಗೆಟ್ ಶೂಟಿಂಗಿಗೆ ಅಂತ ಮಾಡಿದ್ದು, ಉದ್ದ ಬುಲೆಟ್ಟು, ಗಾಳಿಗೆ ಕಡಿಮೆ ವಾಲ್ತದೆ, ಒದೆತ .30-06ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಎರಡನೆಯದು ಬೇಕೇ ಬೇಕು ಹೇಳಿದ್ರೆ .223 ಬೋಲ್ಟ್ ರೈಫಲ್ ತಗೊಳ್ಳಿ, ನರಿ ಥರದ ಕಾಯೋಟಿಗೆ ಆಗ್ತದೆ, ಸೆಂಟರ್‌ಫೈರ್ (.22ಕ್ಕಿಂತ ದೊಡ್ಡ ಗುಂಡಿನ) ಪ್ರಾಕ್ಟೀಸ್ ಕಡಿಮೆ ದುಡ್ಡಿನಲ್ಲಿ ಆಗ್ತದೆ.

ಬಿಸಿಲೆಘಾಟಿ

ಕಾಕಾ, ಆ ಎಲ್ಕಿನ ವಿಷಯ ಓದಿ ಮನಸ್ಸಿಗೆ ಕಷ್ಟ ಆಯ್ತು, ಅಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಪೊಲಿ ಅವರೇ, .223 ಯೋಚನೆ ಮಾಡ್ದೆ ಆದ್ರೆ ಇಲ್ಲಿ ಡೀರ್ ಪ್ರಾಂಗ್‌ಹಾರ್ನ್ ಎಲ್ಕ್ ಯಾವುದಕ್ಕೂ ನಡೆಯಲ್ಲ, ಕೊಲರಾಡೊದಲ್ಲಿ ಕನಿಷ್ಠ .24 ಕ್ಯಾಲಿಬರ್ ಇರ್ಬೇಕು, ಡೀರ್ ಮತ್ತೆ ಪ್ರಾಂಗ್‌ಹಾರ್ನಿಗೆ ಬುಲೆಟ್ 70 ಗ್ರೇನ್, ಎಲ್ಕಿಗೆ 85 ಗ್ರೇನ್, ಜೊತೆಗೆ 100 ಯಾರ್ಡಿಗೆ 1,000 ಫುಟ್ ಪೌಂಡ್ ಎನರ್ಜಿ ಉಳಿದಿರಬೇಕು. ಆ ಲೆಕ್ಕಕ್ಕೆ .243 100 ಗ್ರೇನ್ ಎಲ್ಕಿಗೂ ಕಾನೂನು ಪ್ರಕಾರ ಪಾಸು. ಒದೆತ ಎಲ್ಲಕ್ಕಿಂತ ಕಮ್ಮಿ, ಗುಂಡು ಎಲ್ಲಾ ಕಡೆ ಸಿಗ್ತದೆ. ಮಗಳಿಗೆ ಅದೇ ಸಾಕಲ್ವಾ? ಯಾರಾದ್ರೂ .243ಲ್ಲಿ ಎಲ್ಕ್ ಹೊಡೆದಿದ್ದೀರಾ?

ಆಗುಂಬೆಮಳೆ, ಬೊಯ್ಸಿ, ಐಡಹೊ

ಅಣ್ಣಾ, ನಾನು ಹೊಡೆದಿದೀನಿ, ಒಂದು ಸಲ, ಮತ್ತೆ ಹೊಡಿಯಲ್ಲ. 90 ಯಾರ್ಡಿಗೆ, ಪೂರ್ತಿ ಅಡ್ಡ ನಿಂತಿತ್ತು, ಪಕ್ಕೆಲುಬಿನ ಮಧ್ಯೆ ಹೋಯ್ತು, ನೂರು ಹೆಜ್ಜೆ ನಡೆದು ಬಿತ್ತು. ಆದ್ರೆ ಅಷ್ಟೊಂದು ಸರಿಯಾಗಿ ನಿಂತಿದ್ದಕ್ಕೆ ಆಯ್ತು. ಸ್ವಲ್ಪ ಓರೆಯಾಗಿ ನಿಂತು ಮುಂಗಾಲಿನ ಭುಜದ ಮೂಳೆ ಅಡ್ಡ ಬಂದಿದ್ರೆ ಅಷ್ಟು ಹಗುರ ಬುಲೆಟ್ಟು ಒಳಗೆ ತಲುಪ್ತಿತ್ತಾ ಅನ್ನೋದು ನನಗೆ ಇವತ್ತಿಗೂ ಖಾತ್ರಿ ಇಲ್ಲ. ಜನ .243 ಅಂದ್ರೆ ಮಕ್ಕಳ ಕ್ಯಾಲಿಬರ್ ಅಂತಾರೆ, ಎಲ್ಕಿಗೆ ಬಂದಾಗ ಅದು ಉಲ್ಟಾ, ಕಾಯೋ ತಾಳ್ಮೆ ಇರೋ, ಈ ಆಂಗಲ್ ಬೇಡ ಅಂತ ರೈಫಲ್ ಇಳಿಸೋ ಪಳಗಿದ ಕೈಗೆ ಮಾತ್ರ ಅದು ಸರಿ. ಡೀರಿಗೆ, ಪ್ರಾಂಗ್‌ಹಾರ್ನಿಗೆ ಆರಾಮಾಗಿ ಸಾಕು, ಅದರಲ್ಲಿ ಅನುಮಾನ ಇಲ್ಲ.

ನಾನು ಈಗ ಇಟ್ಕೊಂಡಿರೋದು 7 ಎಂಎಂ-08. ಅದು ಬೇರೇನೂ ಅಲ್ಲ, .308ರ ಕುತ್ತಿಗೆ 7 ಎಂಎಂಗೆ ಇಳಿಸಿದ್ದು, .243 ಕೂಡ ಅದೇ .308ರ ಕುತ್ತಿಗೆ ಇಳಿಸಿದ್ದೇ, ಒಂದೇ ತಾಯಿ ಮಕ್ಕಳು. 140 ಗ್ರೇನ್ ಬುಲೆಟ್ಟು 2,800 ಅಡಿ ಮೇಲೆ ಓಡತ್ತೆ, ಒದೆತ ಸುಮಾರು 12, 13 ಫುಟ್ ಪೌಂಡ್. ನಾನು ಐದಡಿ ಒಂದಿಂಚು, ಅದರಲ್ಲೇ ಐದು ಎಲ್ಕ್ ತಂದಿದೀನಿ, 250 ಯಾರ್ಡ್ ಮೇಲೆ ಯಾವತ್ತೂ ಹೊಡೆದಿಲ್ಲ. ಗುಂಡು ಸಿಗಲ್ಲ ಅಂತ ಪೊಲಿ ಅಣ್ಣ ಹೇಳಿದ್ದು ನಿಜ, ನಾನು ವರ್ಷಕ್ಕೊಂದು ಸಲ ಒಂದೇ ಲಾಟ್ ನಂಬರಿಂದು ಹತ್ತು ಬಾಕ್ಸ್ ತರಿಸಿ ಇಟ್ಟುಬಿಡ್ತೀನಿ.

ಆದ್ರೆ ಅಣ್ಣಾ, ಕ್ಯಾಲಿಬರಿಗಿಂತ ಮೊದಲು ಒಂದು ವಿಷಯ ನೋಡಿ, ರೈಫಲ್ ಅವಳ ಮೈಗೆ ಕೂರತ್ತಾ ಅಂತ. ನಿಮ್ಮ ಅಜ್ಜನ ರೆಮಿಂಗ್ಟನ್ನಲ್ಲಿ ಟ್ರಿಗರಿಂದ ಸ್ಟಾಕಿನ ತುದಿವರೆಗೆ ಹದಿಮೂರೂವರೆ ಇಂಚಿನ ಹತ್ತಿರ ಇರತ್ತೆ, ಅದು ದೊಡ್ಡ ಗಂಡಸಿನ ಅಳತೆ. ಅವಳು ಅದನ್ನ ಭುಜದ ಗುಳಿಯಲ್ಲಿ ಇಡಕ್ಕಾಗದೆ ತೋಳಿನ ಮೇಲೆ ಇಟ್ಕೊಂಡಿರ್ತಾಳೆ, ಕತ್ತು ಚಾಚಿ ಸ್ಕೋಪ್ ನೋಡ್ತಿರ್ತಾಳೆ, ಒದ್ದಾಗ ನೋವಾಗದೆ ಇನ್ನೇನು. ನನಗೂ ಮೊದಲ ವರ್ಷ ನನ್ನ ಗಂಡನ ರೈಫಲ್ ಕೊಟ್ಟು ಹುಬ್ಬು ಸ್ಕೋಪಿಗೆ ತಾಗಿ ಹರಿದಿತ್ತು, ಎಲ್ಲರೂ ಹುಡುಗಿಯರಿಗೆ ಒದೆತ ತಡೆಯಕ್ಕಾಗಲ್ಲ ಅಂದ್ರು, ಸ್ಟಾಕ್ ಒಂದಿಂಚು ಕಡಿಸಿದ ಮೇಲೆ ಅದೇ ರೈಫಲ್ ಇಪ್ಪತ್ತು ಗುಂಡು ಹೊಡೆದೆ. ಹನ್ನೆರಡೂವರೆ ಇಂಚಿನ ಕಾಂಪ್ಯಾಕ್ಟ್ ಸ್ಟಾಕ್ ತಗೊಳ್ಳಿ, ಕೆಲವಕ್ಕೆ ಸ್ಪೇಸರ್ ಬರತ್ತೆ, ಬೆಳೀತಾ ಬೆಳೀತಾ ಹಾಕ್ಕೋಬಹುದು.

ಮತ್ತೆ ಕಿವಿ. ಮಕ್ಕಳು ಅರ್ಧ ಹೆದರೋದು ಸದ್ದಿಗೆ, ಒದೆತಕ್ಕಲ್ಲ. ಕಿವಿ ಒಳಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಹಾಕಿ. ಒಂದು ದಿನ ಮೂವತ್ತು ಸಲ .22 ಹೊಡೆಸಿ ಕೊನೆಗೆ ಎರಡೇ ಎರಡು ದೊಡ್ಡದು, ಅಷ್ಟಕ್ಕೆ ನಿಲ್ಲಿಸಿ ಮನೆಗೆ. ಹಾರ್ನಡಿಯಲ್ಲಿ ಕಸ್ಟಮ್ ಲೈಟ್ ಅಂತ ಒದೆತ ಕಮ್ಮಿ ಇರೋ ಲೋಡ್ ಬರತ್ತೆ, 7 ಎಂಎಂ-08ಗೂ ಇದೆ, .30-06ಗೂ ಇದೆ. ಶುರುವಿಗೆ ಅದು ಚೆನ್ನಾಗಿರತ್ತೆ, ಶಿಕಾರಿಗೆ ಯಾವ ಲೋಡ್ ತಗೊಂಡು ಹೋಗ್ತೀರೋ ಅದರಲ್ಲೇ ಮತ್ತೆ ಜೀರೋ ಮಾಡ್ಕೊಳ್ಳಿ ಅಷ್ಟೇ.

ಕುಟ್ಟದ ಕೋವಿ, ಗಿಪ್ಸ್‌ಲ್ಯಾಂಡ್, ವಿಕ್ಟೋರಿಯಾ

ನಾನು ಆಸ್ಟ್ರೇಲಿಯಾದಿಂದ. ಕೊಡಗಿನವನು, ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಹೂ ಇಟ್ಟು ಪೂಜೆ ಮಾಡಿ ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿಕೊಂಡೇ ಬೆಳೆದದ್ದು. ಇಲ್ಲಿ ಬಂದು ನೋಡಿದ್ರೆ ಕಾಡಿನ ತುಂಬಾ ನಮ್ಮ ಕಡವೆ! 1860ರ ದಶಕದಲ್ಲಿ ತಂದು ಬಿಟ್ಟದ್ದಂತೆ, ಈಗ ವಿಕ್ಟೋರಿಯಾದ ಬೆಟ್ಟದಲ್ಲಿ ಅದರದ್ದೇ ರಾಜ್ಯ. ಊರಲ್ಲಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು, ಇಲ್ಲಿ ಅದೇ ಪ್ರಾಣಿ ಕಾಡಿಗೆ ಹಾನಿ ಅಂತ ಲೆಕ್ಕ. ಮೊದಲನೇ ಸಲ ಹೊಳೆ ಬದಿಯಲ್ಲಿ ಅದರ ಕೂಗು ಕೇಳಿದಾಗ ನನಗೆ ಬ್ರಹ್ಮಗಿರಿ ಬುಡದಲ್ಲಿ ನಿಂತ ಹಾಗೇ ಆಯ್ತು.

ನಮ್ಮಲ್ಲಿ ಒಂದೊಂದು ರೈಫಲಿಗೂ ಬೇರೆ ಪರ್ಮಿಟ್, ಯಾಕೆ ಬೇಕು ಅಂತ ಕಾರಣ ಬರೆದು ಕೊಡಬೇಕು. 1996ರಲ್ಲಿ ಪೋರ್ಟ್ ಆರ್ಥರಿನಲ್ಲಿ ಸಾಮೂಹಿಕ ಗುಂಡಿನ ದಾಳಿ ಆದ ಮೇಲೆ ಕಾನೂನು ಹಾಗೆ ಬಿಗಿ ಆಯ್ತು. ಮೊದಮೊದಲು ಕಿರಿಕಿರಿ ಅನಿಸ್ತಿತ್ತು, ಈಗ ನೋಡಿದ್ರೆ ಆ ಕಾರಣ ಬರೆಯುವ ಅಭ್ಯಾಸ ಒಳ್ಳೆಯದೇ. ನೀವೂ ಒಂದು ಕಾಗದದಲ್ಲಿ ಬರೀರಿ, ಈ ರೈಫಲ್ ಯಾವ ಪ್ರಾಣಿಗೆ, ಯಾವ ಜಾಗದಲ್ಲಿ, ಎಷ್ಟು ದೂರಕ್ಕೆ, ಯಾರ ಕೈಗೆ, ಈಗ ಇರುವುದರಲ್ಲಿ ಅದು ಯಾಕೆ ಆಗುವುದಿಲ್ಲ. ನಿಮ್ಮ .300 ಮ್ಯಾಗ್ನಮಿಗೆ ನೀವು ಏನು ಬರೀತೀರಿ? ನಾನು ಲೈಸೆನ್ಸ್ ತಗೊಂಡಾಗ ಕಡವೆಗೆ ಕನಿಷ್ಠ .270, 130 ಗ್ರೇನ್ ಇರಬೇಕಿತ್ತು, ದೊಡ್ಡ ಗಂಡು ಕಡವೆ 250 ಕಿಲೋ ತೂಗ್ತದೆ. ನಾನು .308 ಒಂದರಲ್ಲೇ ಹದಿನಾಲ್ಕು ವರ್ಷದಿಂದ ಹೊಡೀತಿದ್ದೇನೆ, ಇನ್ನೊಂದು ಸೆಂಟರ್‌ಫೈರಿಗೆ ಬರೆಯಲಿಕ್ಕೆ ನನಗೆ ಕಾರಣ ಸಿಕ್ಕಿಲ್ಲ.

7 ಎಂಎಂ-08 ಬಗ್ಗೆ ಇನ್ನೊಂದು ಮಾತು. ಜಿಮ್ ಕಾರ್ಬೆಟ್ಟರಿಗೆ 1907ರಲ್ಲಿ ಚಂಪಾವತ್ ಹುಲಿ ಹೊಡೆದದ್ದಕ್ಕೆ ಬಹುಮಾನ ಕೊಟ್ಟ ರೈಫಲ್ .275 ರಿಗ್ಬಿ, ಅದು 7x57 ಮೌಸರಿನ ಇಂಗ್ಲಿಷ್ ಹೆಸರು. ಅದರ 140 ಗ್ರೇನ್ ಬುಲೆಟ್ಟಿಗೂ ಇವತ್ತಿನ 7 ಎಂಎಂ-08ಕ್ಕೂ ಕೆಲಸದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಆ ದಪ್ಪದ, ಆ ತೂಕದ ಬುಲೆಟ್ಟಿನ ಮೇಲೆ ಜನ ನೂರು ವರ್ಷಕ್ಕೂ ಮೇಲೆ ನಂಬಿಕೆ ಇಟ್ಟಿದ್ದಾರೆ.

ಕಲಘಟಗಿ ಕಾಕಾ

ನಮೀಬಿಯಾ ಬಗ್ಗೆ ಹೇಳೋದು ಮರತಿದ್ದೆ. ನಾ 2018ರಾಗ ಹೋಗಿ ಬಂದೇನಿ. ಅಲ್ಲಿ ಕಾನೂನು ಗುಂಡಿನ ಎನರ್ಜಿ ಮ್ಯಾಲ, ಜೂಲ್ ಲೆಕ್ಕದಾಗ ಐತಿ, ಸ್ಪ್ರಿಂಗ್‌ಬಾಕ್ ಅಂಥಾ ಸಣ್ಣದಕ್ಕ 1,350, ಕುಡು ಓರಿಕ್ಸಿಗೆ 2,700, ಆನಿ, ಕೇಪ್ ಬಫೆಲೋ ಅನ್ನೋ ಕಾಡೆಮ್ಮಿಗೆ 5,400. ನಿನ್ನ .30-06 ನಳಿಗಿ ಬಾಯಾಗ 3,900 ಜೂಲ್ ಮ್ಯಾಲ ಐತಿ. ಕುಡು ಓರಿಕ್ಸಿಗೆ ಅದ ಸಾಕು, .375 ಬೇಕಾಗೋದು ಆ ಕಾಡೆಮ್ಮಿಗೆ ಹೋದ್ರ ಮಾತ್ರ, ಅಂಥಾ ದಿನ ಬಂದ್ರ ಅಲ್ಲೇ ಬಾಡಿಗಿಗೆ ಕೊಡ್ತಾರ. ನಾ ಓರಿಕ್ಸ್ ಹೊಡದದ್ದು .308ನಾಗ, 165 ಗ್ರೇನ್ ತಾಮ್ರದ ಬುಲೆಟ್ಟು, ಒಂದ ಗುಂಡು. ಒಳ್ಳೆ ಬುಲೆಟ್ಟಿಗೆ ರೊಕ್ಕ ಹಾಕು ಅಂತ ಮೊದಲ ಹೇಳಿದ್ದು ಇದಕ್ಕ. ತಾಮ್ರದ್ದು ಒಡೆಯಂಗಿಲ್ಲ, ಆಳಕ್ಕ ಹೋಗತೈತಿ, ಮಕ್ಕಳು ಉಣ್ಣೋ ಮಾಂಸದಾಗ ಸೀಸದ ಚೂರು ಉಳಿಯಂಗಿಲ್ಲ. ಕ್ಯಾಲಿಫೋರ್ನಿಯಾದಾಗಂತೂ 2019ರ ಜುಲೈಯಿಂದ ಶಿಕಾರಿಗೆ ಸೀಸನ ಬಂದ್ ಮಾಡ್ಯಾರ. ಹಗುರ ಕ್ಯಾಲಿಬರ್ ಇದ್ದವರಿಗೆ ಇದು ಇನ್ನೂ ಉಪಯೋಗ, 7 ಎಂಎಂ-08ಗೆ 120 ಇಲ್ಲಾ 140 ಗ್ರೇನ್ ತಾಮ್ರದ್ದು ನೋಡು.

ಬಿಸಿಲೆಘಾಟಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಮೂರು ವಾರ ಆಯ್ತು ಬರೆದು, ಏನಾಯ್ತು ಅಂತ ಹೇಳ್ಬೇಕಿತ್ತು.

ಕುಟ್ಟದವರು ಹೇಳಿದ ಹಾಗೆ ಕಾಗದ ತಗೊಂಡು ಕೂತೆ. .300 ಮ್ಯಾಗ್ನಮ್ ಅಂತ ಬರೆದು ಮುಂದೆ ಕಾರಣ ಬರೆಯಕ್ಕೆ ಹೋದ್ರೆ ನಿಜವಾಗ್ಲೂ ಏನೂ ಹೊಳೀಲಿಲ್ಲ, ನಾನು ಇದುವರೆಗೆ ಹೊಡೆದಿರೋ ಅತಿ ದೂರ 260 ಯಾರ್ಡು. .300 ಮೇಲೆ ಗೀಟು ಎಳೆದೆ. .270 ಕಾಕಾ ಮಾತಿಗೆ ಹೋಯ್ತು, .375 ಜೂಲ್ ಲೆಕ್ಕಕ್ಕೆ ಹೋಯ್ತು. ಉಳಿದಿದ್ದು ಮಗಳ ಹೆಸರು ಒಂದೇ.

ಭಾನುವಾರ ಅವಳನ್ನೇ ಅಂಗಡಿಗೆ ಕರ್ಕೊಂಡು ಹೋದೆ, ಟೇಪ್ ತಗೊಂಡು ಹೋಗಿದ್ದೆ. 6.5 ಕ್ರೀಡ್‌ಮೂರಿಂದು ಎರಡು, 7 ಎಂಎಂ-08ದು ಒಂದು ಕಾಂಪ್ಯಾಕ್ಟ್ ಇತ್ತು, ಎತ್ತಿ ಭುಜಕ್ಕೆ ಇಟ್ಟಾಗ 7 ಎಂಎಂ-08 ಕತ್ತು ಚಾಚದೇ ಸೀದಾ ಕಣ್ಣಿಗೆ ಬಂತು, ಅವಳೇ ಇದು ಅಂದ್ಲು. ಬರೀ ಕ್ಯಾಲಿಬರ್ ನೋಡಿದ್ರೆ ಪೊಲಿ ಅವರ 6.5 ತಗೋತಿದ್ನೇನೋ, ಗುಂಡು ಅದಕ್ಕೇ ಜಾಸ್ತಿ ಇತ್ತು ಶೆಲ್ಫಲ್ಲಿ. 7 ಎಂಎಂ-08ದು ಬರೀ ಆರು ಬಾಕ್ಸ್ ಇತ್ತು, ಆರೂ ತಗೊಂಡೆ, ನೀಲಿ ಡಬ್ಬಿ ಅದಕ್ಕೆ, .30-06ಗೆ ಕೆಂಪು.

ನಿನ್ನೆ ರೇಂಜಿಗೆ ಹೋಗಿದ್ವಿ. ಕಿವಿಗೆ ಪ್ಲಗ್ಗು ಮಫ್ಫು ಎರಡೂ, ಮೊದಲು .22 ಮೂವತ್ತು, ಆಮೇಲೆ 120 ಗ್ರೇನ್ ಲೈಟ್ ಲೋಡು ಎರಡೇ ಅಂದಿದ್ದೆ, ಅವಳೇ ಇನ್ನೊಂದು ಇನ್ನೊಂದು ಅಂತ ಎಂಟು ಹೊಡೆದ್ಲು. ಮಧ್ಯೆ ಅವಳಿಗೆ ಹೇಳದೆ ಒಂದು ಡಮ್ಮಿ ಹಾಕಿದ್ದೆ ಕಾಕಾ, ಕ್ಲಿಕ್ ಅಂತು, ನಳಿಗೆ ಅಲ್ಲಾಡಲಿಲ್ಲ. ನನಗೂ ಹಾಗೇ ಡಮ್ಮಿ ಹಾಕು ಅಂದೆ .30-06ಗೆ, ನಂದು ಸ್ವಲ್ಪ ಕೆಳಗೆ ಜಗ್ಗಿತು. ನಾಲ್ಕು ಎಲ್ಕ್ ಹೊಡೆದವನಿಗೂ ಇದೆ ಅಂತ ಆಯ್ತು, ಇನ್ಮೇಲೆ ವಾರವಾರ ಅವಳ ಜೊತೆ ನಾನೂ .22 ಹೊಡೀತೀನಿ.

ಎರಡನೇ ರೈಫಲ್ ಸದ್ಯಕ್ಕೆ ಬೇಡ ಅಂತ ಬಿಟ್ಟಿದೀನಿ, ಅದರ ದುಡ್ಡಲ್ಲಿ ಅವಳ ರೈಫಲ್ಲಿಗೆ ಒಂದು ಒಳ್ಳೆ ಸ್ಕೋಪು, ಇಬ್ಬರಿಗೂ ಕೇಸರಿ ವೆಸ್ಟು ಟೋಪಿ, ಬೂಟು. ಅಕ್ಟೋಬರ್ ಕೊನೆಗೆ ಅವಳಿಗೆ ಮ್ಯೂಲ್ ಡೀರ್ ಟ್ಯಾಗ್ ಬಂದಿದೆ. ಶನಿವಾರ ಮತ್ತೆ ಹೋಗಿ 140 ಗ್ರೇನ್ ತಾಮ್ರದ್ದು ಹಾಕಿ 100 ಯಾರ್ಡಿಗೆ ಜೀರೋ ಮಾಡ್ಬೇಕು, ಪಕ್ಕದ ಮನೆ ಅಜ್ಜಾನೂ ಬರ್ತೀನಿ ಅಂದಿದ್ದಾರೆ. ಗ್ರೂಪ್ ಹೇಗೆ ಬಿತ್ತು ಅಂತ ಇಲ್ಲೇ ಹಾಕ್ತೀನಿ.